ತರಗು ಬೆಂಕಿಯೂ ನೆಲ್ಲಿಯ ಕಾಯಿಯೂ

ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯ ದಿನ ತುಲಸಿಯ ಕಟ್ಟೆಯಲ್ಲಿ ಕಾಯಿ ಬಿಟ್ಟ ನೆಲ್ಲಿಯ ಕೊಂಬೆಯೊಂದನ್ನು ನೆಟ್ಟು ದೀಪ ಹಚ್ಚುವುದು ನಮ್ಮಲ್ಲಿ ಅನೇಕರ ಮನೆಗಳಲ್ಲಿ ನಡೆದುಬಂದ ಪದ್ಧತಿ. ಆ ಕೊಂಬೆಯನ್ನು ಪೇಟೆಯಿಂದ ಕೊಂಡು ತರುತ್ತೇವೆ. ಮುಂದೆ ಒಂದೆರಡು ತಿಂಗಳಲ್ಲಿ ಕಾಯಿ ಬಲಿತು ಬುಟ್ಟಿಬುಟ್ಟಿಯಾಗಿ ಬರತೊಡಗುತ್ತದೆ. ಉಪ್ಪಿನಕಾಯಿಯ ಜಾಡಿ, ಮೊರಬ್ಬದ ಭರಣಿ, ಚ್ಯವನಪ್ರಾಶದ ಡಬ್ಬಿ, ತಲೆಗೆ ಹಚ್ಚುವ ಎಣ್ಣೆ ಎಲ್ಲಕ್ಕೂ ನೆಲ್ಲಿ ಬೇಕು. ಕೊಳ್ಳುವಾಗ ಕಾಯಿಯ ಗಾತ್ರವನ್ನೂ ಬೆಲೆಯನ್ನೂ ನೋಡುತ್ತೇವೆಯೇ ಹೊರತು, ಅದು ಯಾವ ಕಾಡಿನದು, ಯಾರು ಕಿತ್ತದ್ದು, ಆ ಮರ ಈಗ ಹೇಗಿದೆ ಎಂದು ವಿಚಾರಿಸುವವರು ವಿರಳ. ಈಚೆಗೆ ತೋಟಗಳಲ್ಲಿ ಬೆಳೆದ ಕಸಿ ನೆಲ್ಲಿಯೂ ಪೇಟೆಗೆ ಬರುತ್ತಿದೆ, ನಿಜ. ಆದರೆ ಕಾಡಿನ ನೆಲ್ಲಿಯ ಸಂಗತಿ ಬೇರೆ. ಆ ಮರದ ಕಥೆಯನ್ನು ಹಿಂಬಾಲಿಸಿ ಹೊರಟರೆ, ಕಾಡನ್ನು ಬಲ್ಲವರು ಯಾರು, ಹಳ್ಳಿಗಾಡಿನ ಏಳಿಗೆಗೆ ಯೋಜನೆ ಹಾಕುವವರು ಯಾರ ಮಾತನ್ನು ಕೇಳಬೇಕು ಎಂಬ ಪ್ರಶ್ನೆಗಳವರೆಗೂ ಹೋಗಿ ಮುಟ್ಟುತ್ತೇವೆ.

ಈ ಕಥೆಯನ್ನು ಬಹು ಸ್ಪಷ್ಟವಾಗಿ ಹೇಳಬಲ್ಲ ಸ್ಥಳವೊಂದು ನಮ್ಮ ರಾಜ್ಯದಲ್ಲಿಯೇ ಉಂಟು. ಅದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ. ಪಶ್ಚಿಮ ಘಟ್ಟಗಳಿಗೂ ಪೂರ್ವ ಘಟ್ಟಗಳಿಗೂ ಸೇತುವೆಯಂತಿರುವ ಈ ಬೆಟ್ಟದ ಸಾಲು ತಪ್ಪಲಿನಿಂದ ಮೇಲೇರುತ್ತ ಸುಮಾರು ೧,೮೦೦ ಮೀಟರು ಎತ್ತರವನ್ನು ಮುಟ್ಟುತ್ತದೆ. ಕೆಳಗೆ ಮುಳ್ಳಿನ ಕುರುಚಲು. ಅದರ ಮೇಲೆ ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು. ಕಣಿವೆಗಳಲ್ಲಿ ಸದಾ ಹಸುರಾದ ಕಾನು. ನೆತ್ತಿಯ ಮೇಲೆ ಹುಲ್ಲಿನ ಬೋಳು ಗುಡ್ಡಗಳು. ರಂಗನಾಥನ ದರ್ಶನಕ್ಕೆ ಬಸ್ಸಿನಲ್ಲಿ ಹೋಗುವ ಯಾತ್ರಿಕರು ಒಂದೆರಡು ಗಂಟೆಯಲ್ಲಿ ಈ ನಾಲ್ಕು ಬಗೆಯ ನೆಲವನ್ನೂ ಕಿಟಕಿಯಿಂದ ನೋಡಬಹುದು. ಇವುಗಳಲ್ಲಿ ಅತ್ಯಂತ ಹೆಚ್ಚು ಜಾಗವನ್ನು ಆಕ್ರಮಿಸಿರುವುದು ಎಲೆಯುದುರುವ ಕಾಡು. ದಿಂಡಿಗ, ಮತ್ತಿ, ಹೊನ್ನೆ, ತಡಸಲು, ಅಳಲೆ, ನೆಲ್ಲಿ ಮೊದಲಾದ ಮರಗಳು ಬಿಡಿಬಿಡಿಯಾಗಿ ನಿಂತು, ಅವುಗಳ ಅಡಿಯಲ್ಲಿ ಹುಲ್ಲು ಬೆಳೆಯುವ ನೆಲ ಅದು.

ಸವನ್ನಾ ಎಂಬ ಮಾತನ್ನು ನಾವು ಶಾಲೆಯ ಭೂಗೋಳ ಪುಸ್ತಕದಲ್ಲಿ ಓದಿದ್ದೇವೆ. ಕೇಳಿದೊಡನೆ ಆಫ್ರಿಕದ ಬಯಲು, ಸಿಂಹ, ಜಿರಾಫೆಗಳು ಕಣ್ಣಮುಂದೆ ಬರುತ್ತವೆ. ಆದರೆ ಸಸ್ಯಶಾಸ್ತ್ರಜ್ಞರ ಅರ್ಥ ಅದಕ್ಕಿಂತ ವಿಶಾಲವಾದದ್ದು. ಮರಗಳೂ ಇದ್ದು, ಮರಗಳ ನಡುವೆಯೂ ಅಡಿಯಲ್ಲಿಯೂ ಎಡೆಬಿಡದೆ ಹುಲ್ಲು ಹಬ್ಬಿರುವ ನೆಲವೇ ಸವನ್ನಾ. ನೆಲದ ಮೇಲೆ ಬಿಸಿಲು ಬೀಳುತ್ತದೆಯೇ, ಆ ಬಿಸಿಲಿನಲ್ಲಿ ಹುಲ್ಲು ಬಾಳುತ್ತದೆಯೇ ಎಂಬುದು ಮುಖ್ಯ. ಈ ಅಳತೆಯಿಂದ ನೋಡಿದರೆ, ಅರಣ್ಯದ ದಾಖಲೆಗಳಲ್ಲಿ ‘ಎಲೆಯುದುರುವ ಒಣ ಕಾಡು’ ಎಂದು ಬರೆದಿರುವ ನಮ್ಮ ನಾಡಿನ ಎಷ್ಟೋ ಕಾಡುಗಳು ವಾಸ್ತವವಾಗಿ ಸವನ್ನಾಗಳೇ ಎಂದು ವಿಜ್ಞಾನಿಗಳು ೨೦೧೧ರಲ್ಲಿ ಒಂದು ಲೇಖನದಲ್ಲಿ ವಾದಿಸಿದರು. ಅಂದಿನಿಂದ ಈ ಅಭಿಪ್ರಾಯಕ್ಕೆ ಬಲ ಬಂದಿದೆ. ಬಿಸಿಲನ್ನು ಬಯಸುವ ಈ ಜಾತಿಯ ಹುಲ್ಲುಗಳು ದಕ್ಷಿಣ ಏಷ್ಯದಲ್ಲಿ ಹಬ್ಬಿ ಎಪ್ಪತ್ತು ಎಂಬತ್ತು ಲಕ್ಷ ವರ್ಷಗಳೇ ಆದುವೆಂದು ಭೂಮಿಯ ಪದರಗಳಲ್ಲಿ ದೊರೆತ ಗುರುತುಗಳು ಹೇಳುತ್ತವೆ. ಅಂದರೆ ಇವು ಮನುಷ್ಯ ಕಡಿದು ಕೆಡಿಸಿದ ಕಾಡಿನ ಅವಶೇಷಗಳೆಂದು ತಿಳಿಯುವುದು ತಪ್ಪು.

ಹೆಸರಿನಲ್ಲೇನಿದೆ ಎಂದು ಕೇಳಬಹುದು. ಇಲ್ಲಿ ಹೆಸರಿನಲ್ಲಿ ಬಹಳ ಇದೆ. ಕಾಡೆಂದು ಕರೆದರೆ, ಬೆಂಕಿ ಅದರ ಶತ್ರು. ಮರ ದಟ್ಟವಾದಷ್ಟೂ ಒಳ್ಳೆಯದು. ಸವನ್ನಾ ಎಂದು ಕರೆದರೆ, ಬೆಂಕಿ ಅದರ ಬಾಳಿನ ಒಂದು ಅಂಗ. ಅಲ್ಲಿನ ಮರಗಳ ತೊಗಟೆ ದಪ್ಪ. ಹೊರಗೆ ಕರಿಯಾದರೂ ಒಳಗೆ ಜೀವ ಉಳಿಯುತ್ತದೆ. ಎಳೆಯ ಗಿಡ ಸುಟ್ಟರೂ ನೆಲದೊಳಗಿನ ಬೇರು ಮತ್ತೆ ಚಿಗುರೊಡೆಯುತ್ತದೆ. ಹುಲ್ಲಂತೂ ಸುಟ್ಟ ಕೆಲವೇ ದಿನಗಳಲ್ಲಿ ಹಸುರಾಗಿ ಏಳುತ್ತದೆ. ಹೀಗೆ ಬೆಂಕಿಯೊಂದಿಗೆ ಒಗ್ಗಿ ಬಂದ ನೆಲಕ್ಕೆ ಬೆಂಕಿಯೇ ಇಲ್ಲದಂತೆ ಮಾಡಿದರೆ ಏನಾಗುತ್ತದೆ? ಇದಕ್ಕೆ ಉತ್ತರ ಹೇಳಬಲ್ಲವರು ಆ ನೆಲದಲ್ಲಿಯೇ ಇದ್ದರು. ಅವರನ್ನು ಕೇಳುವ ರೂಢಿ ಮಾತ್ರ ಇರಲಿಲ್ಲ.

ಅವರು ಸೋಲಿಗರು. ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟ ಮತ್ತು ನೆರೆಯ ತಮಿಳುನಾಡಿನ ಕಾಡುಗಳಲ್ಲಿ ನೆಲೆಸಿರುವ ಈ ಜನ ಕರ್ನಾಟಕದಲ್ಲಿಯೇ ಮೂವತ್ತು ಸಾವಿರಕ್ಕೂ ಹೆಚ್ಚಾಗಿದ್ದಾರೆ. ಅವರ ನುಡಿ ಕನ್ನಡಕ್ಕೆ ಬಹು ಹತ್ತಿರದ್ದು; ಅವರ ಹಾಡಿಗಳಿಗೆ ‘ಪೋಡು’ ಎಂದು ಹೆಸರು. ಭಾರ್ಗವಿ ಹೊಳೆಯ ಬಳಿ ನಿಂತಿರುವ ದೊಡ್ಡ ಸಂಪಿಗೆಯ ಮರ ಅವರಿಗೆ ದೇವರು. ಹಿಂದೆ ಅವರು ಕಾಡಿನ ಒಂದು ತುಂಡನ್ನು ಸವರಿ, ಸುಟ್ಟು, ರಾಗಿಯನ್ನೂ ಅದರೊಂದಿಗೆ ಕಾಳು ತರಕಾರಿಗಳನ್ನೂ ಕೆಲವು ವರ್ಷ ಬೆಳೆದು, ಆ ನೆಲವನ್ನು ಬೀಳು ಬಿಟ್ಟು ಬೇರೆ ಕಡೆಗೆ ಸರಿಯುತ್ತಿದ್ದರು. ಜೊತೆಗೆ ಜೇನು, ನೆಲ್ಲಿ, ಸೀಗೆ, ಅಂಟುವಾಳ, ಅಳಲೆ, ಮಾಗಳಿ ಬೇರು, ಮರದ ಮೇಲೆ ಬೆಳೆಯುವ ಕಲ್ಲುಹೂವು ಮೊದಲಾದವನ್ನು ಕೂಡಿಸಿ ತರುತ್ತಿದ್ದರು. ೧೯೯೦ರ ದಶಕದಲ್ಲಿ ನಡೆಸಿದ ಅಧ್ಯಯನಗಳ ಪ್ರಕಾರ, ಈ ಬೆಟ್ಟದ ಸೋಲಿಗರ ನಗದು ವರಮಾನದಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಭಾಗ ಇಂಥ ಕಿರು ಅರಣ್ಯ ಉತ್ಪನ್ನಗಳಿಂದ ಬರುತ್ತಿತ್ತು. ನಮ್ಮ ಸ್ನಾನದ ಮನೆಯ ಸೀಗೆಪುಡಿಗೂ, ಮಸಾಲೆಯ ಕಲ್ಲುಹೂವಿಗೂ, ಕಾಡಿನ ಜೇನಿಗೂ ಇಂಥ ಜನರ ದುಡಿಮೆಯೇ ಮೂಲ.

ಕಾಡಿನ ಜನರ ಸಸ್ಯಜ್ಞಾನವೆಂದರೆ ಗಿಡಮೂಲಿಕೆಯ ಪಟ್ಟಿ ಎಂದು ನಾವು ಭಾವಿಸುವುದುಂಟು. ಯಾವ ಬೇರು ಜ್ವರಕ್ಕೆ, ಯಾವ ಸೊಪ್ಪು ಗಾಯಕ್ಕೆ ಎಂದು ಬರೆದುಕೊಂಡರೆ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಹೆಸರು ಗೊತ್ತಿರುವುದು ಮೊದಲನೆಯ ಮೆಟ್ಟಿಲು ಮಾತ್ರ. ಯಾವ ಮರ ಯಾವಾಗ ಹೂ ಬಿಡುತ್ತದೆ, ಆ ಹೂವಿಗೆ ಹೆಜ್ಜೇನು ಬರುತ್ತದೆಯೋ ತುಡುವೆ ಬರುತ್ತದೆಯೋ, ಯಾವ ಹುಲ್ಲನ್ನು ಕಾಟಿ ಮೇಯುತ್ತದೆ, ಯಾವ ಇಳಿಜಾರಿನಲ್ಲಿ ಈ ವರ್ಷ ಕಾಯಿ ಹೆಚ್ಚು, ಯಾವ ಮರ ಸೊರಗುತ್ತಿದೆ, ಅದಕ್ಕೆ ಕಾರಣವೇನು ಎಂಬುದೆಲ್ಲ ಸೇರಿ ಆ ಜ್ಞಾನವಾಗುತ್ತದೆ. ಸಸ್ಯಶಾಸ್ತ್ರಜ್ಞರು ಈ ಬೆಟ್ಟದಲ್ಲಿ ನೆಲ್ಲಿಯ ಎರಡು ಜಾತಿಗಳನ್ನು ಗುರುತಿಸುತ್ತಾರೆ. ಒಂದು ನಾಡೆಲ್ಲ ಬಲ್ಲ ನೆಲ್ಲಿ, ಇನ್ನೊಂದು ಒಣ ತಪ್ಪಲಿನಲ್ಲಿ ಬೆಳೆಯುವ ದಪ್ಪ ಕಾಯಿಯ ನೆಲ್ಲಿ. ಸೋಲಿಗರಿಗೆ ಈ ಭೇದ ಹಿಂದಿನಿಂದಲೂ ತಿಳಿದದ್ದೇ. ಇಂಥ ಜ್ಞಾನ ಪುಸ್ತಕದಲ್ಲಿ ಇರುವುದಿಲ್ಲ. ಕೆಲಸ ಮಾಡುತ್ತ ಮಾಡುತ್ತ ಕೈಗೂ ಕಣ್ಣಿಗೂ ಹತ್ತುತ್ತದೆ. ಕೆಲಸ ನಿಂತರೆ ಅದೂ ನಿಲ್ಲುತ್ತದೆ.

ಆ ಕೆಲಸಗಳಲ್ಲಿ ಒಂದಕ್ಕೆ ಅವರು ‘ತರಗು ಬೆಂಕಿ’ ಎನ್ನುತ್ತಾರೆ. ತರಗು ಎಂದರೆ ಉದುರಿ ಒಣಗಿದ ಎಲೆ. ಚಳಿಗಾಲ ಕಳೆಯುವ ಹೊತ್ತಿಗೆ, ಅಂದರೆ ಜನವರಿ ಫೆಬ್ರವರಿ ತಿಂಗಳುಗಳಲ್ಲಿ, ನೆಲದ ಮೇಲಿನ ತರಗಿಗೆ ಅಲ್ಲಲ್ಲಿ ಬೆಂಕಿ ಹಚ್ಚುವುದು ವಾಡಿಕೆಯಾಗಿತ್ತು. ಆ ಕಾಲವನ್ನು ಆರಿಸಿಕೊಳ್ಳುವುದರಲ್ಲಿಯೇ ಜಾಣತನವಿದೆ. ಹುಲ್ಲು ತುದಿಯಲ್ಲಿ ಒಣಗಿದ್ದರೂ ಬುಡದಲ್ಲಿ ಇನ್ನೂ ಹಸಿ ಇರುತ್ತದೆ. ರಾತ್ರಿ ಇಬ್ಬನಿ ಬೀಳುತ್ತದೆ. ಗಾಳಿಯ ಅಬ್ಬರವಿರುವುದಿಲ್ಲ. ಆದುದರಿಂದ ಬೆಂಕಿ ಮೊಣಕಾಲೆತ್ತರಕ್ಕಿಂತ ಮೇಲೇಳದೆ ನೆಲದ ಮೇಲೆ ಹರಿದು, ತರಗನ್ನು ಸುಟ್ಟು, ಹಸಿ ನೆಲ ಸಿಕ್ಕಲ್ಲಿ ತಾನೇ ಆರುತ್ತದೆ. ಒಂದು ಕಡೆ ಸುಟ್ಟ ನೆಲ, ಅದರ ಪಕ್ಕದಲ್ಲಿ ಸುಡದ ನೆಲ, ಹೀಗೆ ಕಾಡು ತೇಪೆ ಹಾಕಿದ ಕಂಬಳಿಯಂತೆ ಕಾಣುತ್ತದೆ. ಅದೇ ಬೆಂಕಿ ಮಾರ್ಚಿ ಏಪ್ರಿಲಿನಲ್ಲಿ ಹೊತ್ತಿದರೆ ಸಂಗತಿಯೇ ಬೇರೆ. ಆಗ ಒಣಗಿದ ಸೌದೆ, ಬಿಸಿ ಗಾಳಿ, ಇಬ್ಬನಿಯಿಲ್ಲದ ರಾತ್ರಿ ಎಲ್ಲ ಕೂಡಿ ಜ್ವಾಲೆ ಮರದ ತಲೆಗೇ ಏರುತ್ತದೆ.

ತರಗು ಬೆಂಕಿಯಿಂದ ಏನು ಪ್ರಯೋಜನವೆಂದು ಸೋಲಿಗರನ್ನು ಕೇಳಿದವರಿಗೆ ಹಲವು ಉತ್ತರಗಳು ದೊರೆತಿವೆ. ಹೊಸ ಹುಲ್ಲು ಬರುತ್ತದೆ, ಜಿಂಕೆ ಕಾಟಿಗಳಿಗೆ ಮೇವಾಗುತ್ತದೆ. ಉಣ್ಣೆಗಳು ಕಡಮೆಯಾಗುತ್ತವೆ. ಕಾಲುದಾರಿ ತೆರವಾಗುತ್ತದೆ, ಮುಂದೆ ಆನೆ ನಿಂತಿದೆಯೋ ಕರಡಿ ನಿಂತಿದೆಯೋ ದೂರದಿಂದಲೇ ಕಾಣುತ್ತದೆ. ಬೇಡದ ಪೊದೆಗಳು ಎಳೆಯದಾಗಿರುವಾಗಲೇ ಸಾಯುತ್ತವೆ. ತರಗು ವರ್ಷ ವರ್ಷವೂ ಸುಟ್ಟುಹೋಗುವುದರಿಂದ ಬೇಸಿಗೆಯ ಕಾಳ್ಗಿಚ್ಚಿಗೆ ಸೌದೆ ಉಳಿಯುವುದಿಲ್ಲ. ಇನ್ನೊಂದು ಉತ್ತರ ನಮ್ಮ ನೆಲ್ಲಿಗೆ ನೇರವಾಗಿ ಸಂಬಂಧಿಸಿದ್ದು; ಅದನ್ನು ಮುಂದೆ ನೋಡೋಣ.

ಬ್ರಿಟಿಷರ ಆಳ್ವಿಕೆಯಲ್ಲಿ ೧೮೬೪ರಲ್ಲಿ ಅರಣ್ಯ ಇಲಾಖೆ ಹುಟ್ಟಿ, ಮರುವರ್ಷ ಮೊದಲ ಅರಣ್ಯ ಕಾನೂನು ಬಂದಿತು. ಮರದ ದಿಮ್ಮಿಯೇ ಕಾಡಿನ ಸಂಪತ್ತೆಂದು ಎಣಿಸಿದ ಆ ಕಾಲದಿಂದಲೂ ಕಾಡಿನ ಬೆಂಕಿ ಅಪರಾಧವಾಯಿತು. ಆದರೂ ಬರ್ಮಾದ ತೇಗದ ಕಾಡುಗಳಲ್ಲಿ ಕೆಲಸ ಮಾಡುತ್ತಿದ್ದ ಕೆಲವು ಅರಣ್ಯಾಧಿಕಾರಿಗಳೇ, ಬೆಂಕಿಯನ್ನು ಪೂರ್ತಿಯಾಗಿ ತಡೆದ ಕಡೆ ತೇಗದ ಎಳೆಗಿಡಗಳು ಏಳುತ್ತಿಲ್ಲವೆಂದು ೧೯ನೆಯ ಶತಮಾನದ ಕೊನೆಯಲ್ಲಿ ಬರೆದಿಟ್ಟಿದ್ದಾರೆ. ಆ ಎಚ್ಚರ ಎಲ್ಲ ಕಡೆಗೂ ಹಬ್ಬಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಮಟ್ಟಿಗೆ ದೊಡ್ಡ ಬದಲಾವಣೆ ಬಂದದ್ದು ಸ್ವಾತಂತ್ರ್ಯದ ನಂತರ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ೧೯೭೪ರಲ್ಲಿ ಈ ಬೆಟ್ಟ ಅಭಯಾರಣ್ಯವಾಯಿತು. ೧೯೮೭ರಲ್ಲಿ ಅದರ ವಿಸ್ತಾರ ೫೪೦ ಚದರ ಕಿಲೋಮೀಟರಿಗೆ ಏರಿತು. ಸೋಲಿಗರ ಸರಿದಾಡುವ ಬೇಸಾಯ ನಿಂತಿತು. ಅವರು ಒಂದೇ ಕಡೆ ನೆಲೆಯಾದ ಪೋಡುಗಳಿಗೆ ಬಂದರು. ತರಗು ಬೆಂಕಿಯೂ ನಿಂತಿತು. ಇದರ ಹಿಂದೆ ದುರುದ್ದೇಶವಿತ್ತೆಂದು ಹೇಳಲಾಗದು. ಕಾಡನ್ನೂ ಕಾಡಿನ ಪ್ರಾಣಿಗಳನ್ನೂ ಉಳಿಸಬೇಕೆಂಬ ಕಾಳಜಿಯೇ ಅದಕ್ಕೆ ಕಾರಣ. ಬೇಟೆಯೂ ಮರ ಕಡಿತವೂ ತಗ್ಗಿದುದು ಈ ಕ್ರಮಗಳ ಒಳ್ಳೆಯ ಫಲ.

ಆದರೆ ಬೆಂಕಿ ನಿಂತ ನೆಲದಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆರಂಭವಾಯಿತು. ಲಂಟಾನವನ್ನು ನಾವೆಲ್ಲ ಬಲ್ಲೆವು. ಕೆಂಪು, ಹಳದಿ, ನಸುಗೆಂಪು ಹೂಗೊಂಚಲಿನ, ಒರಟು ಎಲೆಯ ಮುಳ್ಳುಪೊದೆ. ಅಮೆರಿಕದ ಉಷ್ಣವಲಯದ ಈ ಗಿಡ ೧೯ನೆಯ ಶತಮಾನದ ಮೊದಲಲ್ಲಿ ತೋಟದ ಅಲಂಕಾರಕ್ಕೆಂದು ನಮ್ಮ ದೇಶಕ್ಕೆ ಬಂದಿತು. ಹಕ್ಕಿಗಳು ಅದರ ಕಪ್ಪು ಹಣ್ಣನ್ನು ತಿಂದು ಬೀಜವನ್ನು ಎಲ್ಲೆಡೆಗೂ ಒಯ್ದವು. ಬಿಳಿಗಿರಿರಂಗನ ಬೆಟ್ಟದಲ್ಲಿ ಅಲ್ಲಲ್ಲಿ ಇದ್ದ ಅದು ಕ್ರಮೇಣ ಹುಲ್ಲಿನ ಜಾಗವನ್ನೆಲ್ಲ ಕವಿಯಿತು. ಬೆಂಗಳೂರಿನ ಸಂಶೋಧಕರು ೧೯೯೭ರಲ್ಲಿ ಬೆಟ್ಟದ ಉದ್ದಗಲಕ್ಕೂ ಗುರುತುಮಾಡಿದ ನೂರಕ್ಕೂ ಹೆಚ್ಚು ತುಣುಕು ನೆಲಗಳನ್ನು ಪರಿಶೀಲಿಸಿದಾಗ, ನೂರಕ್ಕೆ ಸುಮಾರು ೪೦ರಲ್ಲಿ ಲಂಟಾನವಿತ್ತು. ೨೦೦೮ರಲ್ಲಿ ಅವೇ ಜಾಗಗಳನ್ನು ಮತ್ತೆ ನೋಡಿದಾಗ ನೂರಕ್ಕೆ ಸುಮಾರು ೮೦ರಲ್ಲಿ ಅದು ಬೇರೂರಿತ್ತು. ಹನ್ನೊಂದೇ ವರ್ಷಗಳಲ್ಲಿ ಎರಡರಷ್ಟು! ಲಂಟಾನ ಮುಚ್ಚಿದ ಕಡೆ ಬಿಸಿಲು ನೆಲಕ್ಕೆ ತಾಕುವುದಿಲ್ಲ. ಹುಲ್ಲು ಸಾಯುತ್ತದೆ, ಎಳೆಯ ಮರಗಳು ಮೇಲೇಳುವುದಿಲ್ಲ. ದೂರದಿಂದ ನೋಡುವವರಿಗೆ ಬೆಟ್ಟ ಮೊದಲಿಗಿಂತ ಹಸುರಾಗಿ ಕಾಣುತ್ತದೆ. ಹತ್ತಿರ ಹೋದವರಿಗೆ ಒಳಗೆ ಕಾಲಿಡಲು ಜಾಗವಿಲ್ಲ.

ನೆಲ್ಲಿಯ ಮೇಲೆ ಇನ್ನೊಂದು ಕಂಟಕ ಏರಿತು. ಮಾವಿನ ಮರದ ಕೊಂಬೆಯ ಮೇಲೆ ಬೇರೆಯೇ ಗಿಡವೊಂದು ಕೂತು ಬೆಳೆಯುವುದನ್ನು ನಮ್ಮ ತೋಟಗಳಲ್ಲಿ ನೋಡಿರಬಹುದು. ಅದಕ್ಕೆ ಬಂದಳಿಕೆ ಎನ್ನುತ್ತೇವೆ. ಬದನಿಕೆ ಎನ್ನುವುದೂ ಉಂಟು. ತನ್ನ ಎಲೆಯಿಂದ ಆಹಾರ ಮಾಡಿಕೊಂಡರೂ ನೀರು ಉಪ್ಪುಗಳನ್ನು ಆಸರೆಯ ಮರದಿಂದಲೇ ಹೀರುವ ಅರೆ ಪರಾವಲಂಬಿ ಅದು. ಅದರ ಅಂಟಿನ ಹಣ್ಣನ್ನು ತಿಂದ ಪುಟ್ಟ ಹಕ್ಕಿಗಳು ಬೀಜವನ್ನು ಮತ್ತೊಂದು ಕೊಂಬೆಗೆ ಅಂಟಿಸುತ್ತವೆ. ನೆಲ್ಲಿಯ ಮೇಲೆ ಬರುವ ಬಂದಳಿಕೆಯನ್ನು ಸೋಲಿಗರು ‘ಉಪ್ಪಿಲು’ ಎಂದು ಕರೆಯುತ್ತಾರೆ. ಅದು ಹತ್ತಿದ ನೆಲ್ಲಿಯಲ್ಲಿ ಕಾಯಿ ಇಳಿಮುಖವಾಗುತ್ತದೆ. ಹೆಚ್ಚಾದರೆ ಮರವೇ ಒಣಗುತ್ತದೆ. ತರಗು ಬೆಂಕಿಯ ಕಾವೂ ಹೊಗೆಯೂ ಉಪ್ಪಿಲನ್ನು ಹತೋಟಿಯಲ್ಲಿ ಇಡುತ್ತಿದ್ದುವು, ಬೆಂಕಿ ನಿಂತ ಮೇಲೆ ಅದು ವಿಪರೀತವಾಯಿತು ಎಂಬುದು ಸೋಲಿಗ ಹಿರಿಯರ ಮಾತು. ಮೇಲೆ ಹೇಳದೆ ಉಳಿಸಿದ್ದ ಉತ್ತರ ಇದೇ.

ಈ ಹೊತ್ತಿಗೆ ಕಾಡು ಕೆಡುತ್ತಿದೆ ಎಂಬುದರಲ್ಲಿ ಯಾರಿಗೂ ಸಂಶಯ ಉಳಿದಿರಲಿಲ್ಲ. ಕೆಡಿಸಿದವರು ಯಾರು ಎಂಬುದರಲ್ಲಿ ಮಾತ್ರ ಅಭಿಪ್ರಾಯ ಭೇದ. ಕಾಯಿ ಕೀಳುವವರೇ ಮರವನ್ನು ಕೆಡಿಸುತ್ತಾರೆ ಎಂಬುದು ಹೊರಗಿನವರ ಸಾಮಾನ್ಯ ಊಹೆ. ಬೀಜವೆಲ್ಲ ಬುಟ್ಟಿಗೆ ಹೋದರೆ ಹೊಸ ಸಸಿ ಎಲ್ಲಿಂದ ಬಂದೀತು ಎಂಬ ತರ್ಕ ಮೇಲುನೋಟಕ್ಕೆ ಸರಿಯಾಗಿಯೇ ಇದೆ. ಕೆಲವರು ಕಾಯಿಗಾಗಿ ಕೊಂಬೆಯನ್ನೇ ಕಡಿಯುತ್ತಿದ್ದುದೂ ಸುಳ್ಳಲ್ಲ. ಆದರೆ ಸಂಶೋಧಕರು ಸೋಲಿಗರನ್ನು ಜೊತೆಗೆ ಕರೆದುಕೊಂಡು, ಗುರುತು ಹಾಕಿದ ಮರಗಳನ್ನು ಹಲವು ವರ್ಷಗಳ ಕಾಲ ಎಣಿಸಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು. ನೆಲ್ಲಿಯ ಸಂಖ್ಯೆ ಇಳಿಯುತ್ತಿರುವುದು ನಿಜ. ಆದರೆ ಆ ಇಳಿತಕ್ಕೆ ಕಾಯಿ ಕೀಳುವುದಕ್ಕಿಂತ ಬಂದಳಿಕೆ ಮತ್ತು ಲಂಟಾನಗಳ ಪೆಟ್ಟೇ ದೊಡ್ಡದು ಎಂದು ತಿಳಿದುಬಂದಿತು. ಮರದ ಅಡಿಯಲ್ಲಿ ನಿಂತು ಹಿರಿಯರು ಹೇಳುತ್ತಿದ್ದ ಮಾತಿಗೆ ಅಂಕಿಗಳ ಆಧಾರ ದೊರೆತಂತಾಯಿತು.

ಲಂಟಾನದ ವಿಚಾರದಲ್ಲಿಯೂ ಇಂಥದೇ ಒಂದು ವಾದವಿತ್ತು. ಕಾಡಿಗೆ ಬೆಂಕಿ ಬಿದ್ದರೆ ಲಂಟಾನ ಹಬ್ಬುತ್ತದೆ, ಲಂಟಾನ ಹಬ್ಬಿದರೆ ಬೆಂಕಿ ಹೆಚ್ಚುತ್ತದೆ, ಹೀಗೆ ಒಂದು ವಿಷವರ್ತುಲ ನಡೆಯುತ್ತಿದೆ ಎಂದು ೨೦೦೫ರಲ್ಲಿ ಸಂಶೋಧಕರು ಒಂದು ಊಹೆಯನ್ನು ಮಂಡಿಸಿದ್ದರು. ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತು ಎಂದು ಸೋಲಿಗರು ಹೇಳುತ್ತಿದ್ದರು. ಒಂದೇ ಗಿಡ, ಒಂದೇ ಬೆಟ್ಟ, ತದ್ವಿರುದ್ಧವಾದ ಎರಡು ಮಾತು. ಮೆಚ್ಚಬೇಕಾದ ಸಂಗತಿಯೆಂದರೆ, ಆ ಸಂಶೋಧಕರೇ ಮುಂದೆ ಸೋಲಿಗರ ಅನುಭವವನ್ನು ಕೇಳಿ ದಾಖಲಿಸಿದರು. ಆಗ ಎರಡು ಮಾತುಗಳೂ ಬೇರೆ ಬೇರೆ ಬೆಂಕಿಯನ್ನು ಕುರಿತವು ಎಂಬುದು ಹೊಳೆಯುತ್ತದೆ. ಲಂಟಾನ ಇನ್ನೂ ಸಸಿಯಾಗಿ ವಿರಳವಾಗಿರುವಾಗ ವರ್ಷ ವರ್ಷವೂ ಹಾಯುವ ತಣ್ಣನೆಯ ತರಗು ಬೆಂಕಿ ಅದನ್ನು ಕೊಲ್ಲುತ್ತದೆ. ಅದೇ ಗಿಡ ಬಲಿತು ಪೊದೆಯಾದ ಮೇಲೆ ಬೆಂಕಿಗೆ ಬಗ್ಗುವುದಿಲ್ಲ. ಒಣ ಕಡ್ಡಿಗಳು ಸೌದೆಯಾಗಿ ಜ್ವಾಲೆಯನ್ನು ಮೇಲಕ್ಕೆ ಒಯ್ಯುತ್ತವೆ, ಮರಗಳು ಸಾಯುತ್ತವೆ, ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ೨೦೧೯ರ ಫೆಬ್ರವರಿಯಲ್ಲಿ ನೆರೆಯ ಬಂಡೀಪುರದಲ್ಲಿ ಸಾವಿರಾರು ಹೆಕ್ಟೇರು ಕಾಡು ಉರಿದುಹೋದುದನ್ನು ನಾವೆಲ್ಲ ಕೇಳಿದ್ದೇವೆ. ವರ್ಷಗಟ್ಟಲೆ ಕೂಡಿಬಿದ್ದ ತರಗು, ಒಣಗಿದ ಲಂಟಾನ ಇವು ಇಂಥ ಬೆಂಕಿಗೆ ಎಷ್ಟು ಒಳ್ಳೆಯ ಸೌದೆಯೆಂಬುದನ್ನು ವಿವರಿಸಬೇಕಾಗಿಲ್ಲ.

ಇಂಥ ತಪ್ಪು ಓದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಸವನ್ನಾ ಎಂಬ ಮಾತಿಗೆ ಪ್ರಸಿದ್ಧವಾದ ಆಫ್ರಿಕದಲ್ಲಿಯೇ ಒಂದು ಉದಾಹರಣೆಯುಂಟು. ಪಶ್ಚಿಮ ಆಫ್ರಿಕದ ಗಿನಿ ದೇಶದ ಕಿಸ್ಸಿಡುಗು ಎಂಬ ಸೀಮೆಯಲ್ಲಿ, ವಿಶಾಲವಾದ ಹುಲ್ಲುಗಾಡಿನ ನಡುವೆ ಹಳ್ಳಿಗಳ ಸುತ್ತ ದಟ್ಟ ಮರಗಳ ತೋಪುಗಳಿವೆ. ಹಿಂದೆ ಎಲ್ಲೆಲ್ಲೂ ಇದ್ದ ಮಹಾರಣ್ಯವನ್ನು ಹಳ್ಳಿಗರು ಕಡಿದು ಸುಟ್ಟು ಹಾಳುಮಾಡಿದ್ದಾರೆ, ಅದರ ಅಳಿದುಳಿದ ಚೂರುಗಳೇ ಈ ತೋಪುಗಳು ಎಂದು ಫ್ರೆಂಚ್ ಅಧಿಕಾರಿಗಳು ನಂಬಿದ್ದರು. ಸ್ವತಂತ್ರವಾದ ಮೇಲೂ ಆಡಳಿತ ಹಾಗೆಯೇ ನಂಬಿತು. ಜನರ ಮೇಲೆ ನಿರ್ಬಂಧಗಳೂ ದಂಡಗಳೂ ಬಿದ್ದುವು. ಜೇಮ್ಸ್ ಫೇರ್‌ಹೆಡ್ ಮತ್ತು ಮೆಲಿಸ್ಸಾ ಲೀಚ್ ಎಂಬಿಬ್ಬರು ವಿದ್ವಾಂಸರು ಹಳ್ಳಿಗಳಲ್ಲಿಯೇ ಇದ್ದು ವಿಚಾರಿಸಿದಾಗ, ಈ ತೋಪುಗಳನ್ನು ನಮ್ಮ ಹಿರಿಯರೇ ಬೆಳೆಸಿದರು ಎಂದು ಮುದುಕರು ಹೇಳಿದರು. ೧೯೫೨ರ ಸುಮಾರಿನಲ್ಲಿ ವಿಮಾನದಿಂದ ತೆಗೆದ ಚಿತ್ರಗಳನ್ನು ಸುಮಾರು ನಾಲ್ವತ್ತು ವರ್ಷಗಳ ನಂತರದ ಉಪಗ್ರಹ ಚಿತ್ರಗಳೊಡನೆ ಹೋಲಿಸಿ ನೋಡಿದರೆ, ಅನೇಕ ಕಡೆ ತೋಪುಗಳು ಉಳಿದುಕೊಂಡಿದ್ದುವು, ಕೆಲವೆಡೆ ಬೆಳೆದೂ ಇದ್ದುವು. ಈ ವೃತ್ತಾಂತವನ್ನು ಅವರು ೧೯೯೬ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಲ್ಲಿ ಮರ ಬೆಳೆಸಿದವರನ್ನು ಮರ ಕಡಿದವರೆಂದರು. ಇಲ್ಲಿ ಬೆಂಕಿಯಿಂದ ಕಾಡನ್ನು ನೋಡಿಕೊಂಡವರನ್ನು ಬೆಂಕಿಯಿಂದ ಕೆಡಿಸಿದವರೆಂದರು. ಎರಡು ಕಡೆಯೂ ಕೇಳುವುದಕ್ಕೆ ಮುಂಚೆ ತೀರ್ಪು ಬರೆದದ್ದೇ ದೋಷ.

ತೀರ್ಪು ತಪ್ಪಾದರೆ ಅದರ ಭಾರ ಬೀಳುವುದು ಬಡವರ ಮೇಲೆ. ವನ್ಯಜೀವಿ ಕಾಯಿದೆಗೆ ೨೦೦೨ರಲ್ಲಿ ಆದ ತಿದ್ದುಪಡಿಯನ್ನು ಅನುಸರಿಸಿ, ಮುಂದಿನ ವರ್ಷಗಳಲ್ಲಿ ಈ ಅಭಯಾರಣ್ಯದಿಂದ ಕಿರು ಉತ್ಪನ್ನಗಳನ್ನು ತಂದು ಮಾರುವುದಕ್ಕೆ ತಡೆ ಬಿದ್ದಿತು. ವರಮಾನದ ಅರ್ಧ ಭಾಗ ಇದ್ದಕ್ಕಿದ್ದಂತೆ ಇಲ್ಲವಾದ ಸಂಸಾರದ ಪಾಡನ್ನು ಸಂಬಳದಿಂದ ಬಾಳುವ ನಾವು ಸುಲಭವಾಗಿ ಊಹಿಸಬಹುದು. ಪೋಡಿನ ಗಂಡಸರೂ ಹೆಂಗಸರೂ ಕೂಲಿಗಾಗಿ ಕಾಫಿ ತೋಟಗಳಿಗೂ ಬಯಲುಸೀಮೆಗೂ ಹೋಗಬೇಕಾಯಿತು. ೨೦೦೬ರಲ್ಲಿ ಸಂಸತ್ತು ಅರಣ್ಯ ಹಕ್ಕುಗಳ ಕಾಯಿದೆಯನ್ನು ಮಾಡಿತು. ೨೦೧೧ರ ಜನವರಿಯಲ್ಲಿ ಈ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಇಲ್ಲಿನ ೨೫ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರಗಳು ದೊರೆತುವು. ಹುಲಿಯ ಕಾಡಿನಲ್ಲಿ ಕ್ರಮವಾಗಿ ಇಂಥ ಹಕ್ಕು ಪಡೆದವರಲ್ಲಿ ದೇಶದಲ್ಲಿಯೇ ಸೋಲಿಗರು ಮೊದಲಿಗರು. ಜೇನು, ನೆಲ್ಲಿಗಳನ್ನು ಕೂಡಿಸಿ ಮಾರುವ ಹಕ್ಕು ಮರಳಿತು. ಆದರೆ ಹಕ್ಕಿನ ಪತ್ರದಿಂದ ಲಂಟಾನ ಹಿಂದೆ ಸರಿಯುವುದಿಲ್ಲ. ಕಾಯಿ ಕೀಳುವ ಹಕ್ಕು ಬಂದಿದೆ, ಕಾಯಿ ಬಿಡುವ ಮರ ಕಡಮೆಯಾಗುತ್ತಿದೆ.

ಹಾಗಾದರೆ ಮಾಡಬೇಕಾದದ್ದೇನು? ನಾಳೆಯೇ ಕಾಡಿಗೆ ಬೆಂಕಿ ಹಚ್ಚಿಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ಯಾರೂ ತಿಳಿಯಬಾರದು. ಲಂಟಾನ ತುಂಬಿದ ಈಗಿನ ಕಾಡಿನಲ್ಲಿ ಹಳೆಯ ತರಗು ಬೆಂಕಿಯೂ ಕಾಳ್ಗಿಚ್ಚಾಗಿ ತಿರುಗೀತು. ಮೊದಲು ಪೊದೆಯನ್ನು ಬುಡಸಹಿತ ಕೀಳಬೇಕು. ನೆಲಮಟ್ಟಕ್ಕೆ ಸವರಿದರೆ ಅದು ಮತ್ತೆ ಚಿಗುರುತ್ತದೆ. ಚಿಗುರೊಡೆಯುವ ಭಾಗಕ್ಕಿಂತ ಕೆಳಗೆ, ಬೇರಿನಲ್ಲಿಯೇ ಕಡಿದು ತಲೆಕೆಳಗಾಗಿ ಇಟ್ಟರೆ ಸಾಯುತ್ತದೆ. ಆಮೇಲೆ ಹುಲ್ಲು ಮರಳಬೇಕು. ಹುಲ್ಲು ಮರಳಿದ ಕಡೆ, ಅಧಿಕಾರಿಗಳೂ ಗ್ರಾಮಸಭೆಯವರೂ ಕೂಡಿ ಕಾಲವನ್ನೂ ಜಾಗವನ್ನೂ ಗೊತ್ತುಮಾಡಿ, ಸಣ್ಣ ಪ್ರಮಾಣದಲ್ಲಿ ತರಗು ಬೆಂಕಿಯನ್ನು ಪರೀಕ್ಷಿಸಿ ನೋಡಬಹುದು. ಫಲವನ್ನು ಇಬ್ಬರೂ ಕೂಡಿ ಅಳೆಯಬಹುದು. ನೆಲ್ಲಿಯ ಕೊಯ್ಲಿಗೆ ಮುಂಚೆ ಸೋಲಿಗರೂ ಸಂಶೋಧಕರೂ ಜೊತೆಯಾಗಿ ಕಾಯಿಯ ಇಳುವರಿಯನ್ನು ಅಂದಾಜು ಮಾಡಿದ ಪದ್ಧತಿ ಇದಕ್ಕೆ ಒಳ್ಳೆಯ ಮಾದರಿ. ಕಾಯಿ ಕೀಳಲು ಹತ್ತಿದವನೇ ಬಂದಳಿಕೆಯ ಕೊಂಬೆಯನ್ನು ಕಂಡು ಕತ್ತರಿಸಬಲ್ಲ; ಮರವನ್ನು ಹತ್ತಬಾರದೆಂದು ತಡೆದರೆ ಬಂದಳಿಕೆಯನ್ನು ತೆಗೆಯುವವರು ಯಾರು?

ಕಿತ್ತ ಲಂಟಾನವನ್ನೂ ಉಪಯೋಗಕ್ಕೆ ತರಬಹುದು. ಮಲೆಮಹದೇಶ್ವರ ಬೆಟ್ಟದ ಸುತ್ತಿನ ಪೋಡುಗಳಲ್ಲಿ ಸೋಲಿಗರು ಅದರ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಬೆತ್ತದಂತೆ ಬಗ್ಗಿಸಿ ಕುರ್ಚಿ, ಬುಟ್ಟಿ, ಮೇಜುಗಳನ್ನು ಮಾಡಲು ಕಲಿತಿದ್ದಾರೆ. ನಮ್ಮ ಮನೆಯ ಮೊಗಸಾಲೆಯಲ್ಲಿ ಅಂಥದೊಂದು ಕುರ್ಚಿ ಬಂದು ಕೂತರೆ ಕಾಡಿನಲ್ಲಿ ಒಂದಿಷ್ಟು ಬಿಸಿಲು ನೆಲಕ್ಕೆ ಬಿದ್ದಂತೆ. ಆದರೆ ಸಾವಿರಾರು ಎಕರೆಯ ಲಂಟಾನಕ್ಕೆ ಕುರ್ಚಿಗಳೇ ಸಾಲವು. ಅದನ್ನು ಕೀಳುವ ಕೂಲಿಯನ್ನು ಗ್ರಾಮೀಣ ಉದ್ಯೋಗದ ಯೋಜನೆಗಳಲ್ಲಿ ಸೇರಿಸಿ, ಎಲ್ಲಿ ಮೊದಲು ಕೀಳಬೇಕೆಂಬ ತೀರ್ಮಾನವನ್ನು ಆ ನೆಲದ ಹುಲ್ಲನ್ನೂ ನೀರನ್ನೂ ಬಲ್ಲವರಿಗೆ ಬಿಡುವುದು ಯೋಗ್ಯವಾದ ಕ್ರಮ.

ಕಾಡಿನ ಜನರು ಹೇಳಿದ್ದೆಲ್ಲ ಸತ್ಯವೆಂದು ಕಣ್ಣುಮುಚ್ಚಿ ಒಪ್ಪಬೇಕೆಂಬುದು ಈ ಮಾತಿನ ಅರ್ಥವಲ್ಲ. ಅವರ ಮಾತನ್ನೂ ಶಾಸ್ತ್ರಜ್ಞರ ಮಾತಿನಂತೆಯೇ ಪರೀಕ್ಷೆಗೆ ಒಡ್ಡಬೇಕು. ಆದರೆ ಪರೀಕ್ಷಿಸುವುದಕ್ಕಾದರೂ ಮೊದಲು ಕೇಳಬೇಕಷ್ಟೆ. ಯೋಜನೆ ಸಿದ್ಧವಾದ ಮೇಲೆ ಸಹಿ ಹಾಕಲು ಕರೆಯುವುದಕ್ಕೂ, ಯೋಜನೆ ಬರೆಯುವ ಮುನ್ನ ಮರದ ಬುಡಕ್ಕೆ ಜೊತೆಯಾಗಿ ಹೋಗುವುದಕ್ಕೂ ಬಹಳ ಅಂತರವಿದೆ. ಈ ಕೆಲಸಕ್ಕೆ ಕಾಲವೂ ಹೆಚ್ಚು ಉಳಿದಿಲ್ಲ. ತರಗು ಬೆಂಕಿಯನ್ನು ತಮ್ಮ ಕೈಯಿಂದ ಹಚ್ಚಿದವರು ಈಗ ಮುದುಕರಾಗಿದ್ದಾರೆ. ಶಾಲೆಗೆ ಹೋಗುವ ಪೋಡಿನ ಮಗುವಿಗೆ ಅಜ್ಜ ಒಂದು ಹುಲ್ಲಿನ ಹೆಸರು ಹೇಳಿಕೊಡಬೇಕಾದರೆ ತೋರಿಸುವುದಕ್ಕೆ ಆ ಹುಲ್ಲು ಇರಬೇಕು. ಲಂಟಾನದ ಅಡಿಯಲ್ಲಿ ಹುಲ್ಲಿನ ಜೊತೆಗೆ ಹೆಸರೂ ಸಾಯುತ್ತದೆ.

ಮುಂದಿನ ಉತ್ಥಾನ ದ್ವಾದಶಿಗೆ ನೆಲ್ಲಿಯ ಕೊಂಬೆ ತಂದಾಗ ಅದನ್ನು ಒಮ್ಮೆ ತಿರುಗಿಸಿ ನೋಡೋಣ. ಸಣ್ಣ ಎಲೆಗಳ ನಡುವೆ ಅಗಲ ಎಲೆಯ ಬೇರೊಂದು ಚಿಗುರು ಅಂಟಿಕೊಂಡಿದ್ದರೆ ಅದು ಬಂದಳಿಕೆ. ಆ ಕೊಂಬೆ ಬಂದ ಮರದಡಿಯಲ್ಲಿ ಹುಲ್ಲಿದೆಯೋ ಮುಳ್ಳುಪೊದೆಯಿದೆಯೋ ನಮಗೆ ಇಲ್ಲಿಂದ ಕಾಣದು. ಅದನ್ನು ಬಲ್ಲವರು ಇನ್ನೂ ಆ ಬೆಟ್ಟದಲ್ಲಿದ್ದಾರೆ, ಕೇಳಿದರೆ ಹೇಳುತ್ತಾರೆ.